ಪಂಜೆಯವರು, ಕುಡುಕ ರತ್ನ ಮತ್ತು ಮಂಡಲಪಟ್ಟಿಯ ಜೀಪು

ಮಡಿಕೇರಿಯ ಮಂಜಿನ ಬಗ್ಗೆ ಕನ್ನಡದಲ್ಲಿ ಎಷ್ಟೋ ಸಾಲುಗಳಿವೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಹೇಳಿದವನು ಒಬ್ಬ ಕುಡುಕ. ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ. "ಭೂಮೀನ್ ತಬ್ಬಿದ್ ಮೋಡ್ ಇದ್ದಂಗೆ" ಅಂತಾನೆ ಅವನು. ಇಲ್ಲಿ ಬೆಳಿಗ್ಗೆ ಹಾಲಿಗೆ ಅಂತ ಗೇಟು ದಾಟಿದವರಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ. ನಾಲ್ಕು ಹೆಜ್ಜೆ ಮುಂದಿರುವ ಕರೆಂಟ್ ಕಂಬ ಕಾಣುವುದಿಲ್ಲ, ಎದುರು ಬರುತ್ತಿರುವವರ ಕೆಮ್ಮು ಮೊದಲು ಕೇಳಿಸುತ್ತದೆ, ಆಮೇಲೆ ಕೊಡೆ ಕಾಣುತ್ತದೆ, ಕೊನೆಗೆ ಮನುಷ್ಯ.

ತಮಾಷೆ ಅಂದ್ರೆ, ಈ ಪದಗಳನ್ನು ಬರೆದ ರಾಜರತ್ನಂ ಸ್ವತಃ ಕುಡಿಯದ ಮೇಷ್ಟ್ರು. ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು. ಮಕ್ಕಳಿಗೆ ನಾಯಿಮರಿ ಹಾಡು, ತುತ್ತೂರಿ ಹಾಡು ಕೊಟ್ಟವರೂ ಅವರೇ. ಅಂಥವರು ಹೆಂಡದಂಗಡಿಯ ಮಾತನ್ನು ಕವಿತೆಯೊಳಕ್ಕೆ ಕರೆದುಕೊಂಡು ಬಂದರು. ಆಮೇಲೆ ಮೈಸೂರು ಅನಂತಸ್ವಾಮಿ ಅಂಥವರು ದನಿ ಕೊಟ್ಟರು. ಪುಸ್ತಕ ಮುಟ್ಟದವರ ಬಾಯಿಗೂ ರತ್ನ ಬಂದ. ಈಗ ಹೇಳಿ, ರತ್ನನ ಪದವನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ? ಕಾವ್ಯವೋ, ಜನರ ಹಾಡೋ?

ಈ ಕಪಾಟಿನ ಜಗಳ ನನಗೆ ಮೊದಲಿಂದಲೂ ಸಾಕಾಗಿದೆ. ಒಂದು ಕಡೆ "ಸಿನಿಮಾ ಹಾಡೆಲ್ಲ ಒಂದು ಸಾಹಿತ್ಯಾನಾ?" ಅನ್ನುವವರು. ಇನ್ನೊಂದು ಕಡೆ "ಕವಿತೆ ಯಾರು ಓದ್ತಾರೆ ಬಿಡಿ" ಅನ್ನುವವರು. ಇಬ್ಬರೂ ಒಂದೇ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಪಂದಿ ಕರಿ ಹಾಕಿಸಿಕೊಂಡು, ಸ್ಪೀಕರಿನಲ್ಲಿ ಬರುತ್ತಿರುವ ಹಾಡಿಗೆ ತಲೆ ಆಡಿಸುತ್ತಿರುತ್ತಾರೆ. ಆ ಹಾಡು ಬೇಂದ್ರೆಯವರದ್ದು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ.

ನಮ್ಮ ಬೀದಿಯಲ್ಲಿ ಮಳೆಗಾಲಕ್ಕೆ ಅಂತ ಒಂದು ಅಭ್ಯಾಸ ಬೆಳೆದುಬಂದಿದೆ. ಜೂನ್ ಕಳೆದ ಮೇಲೆ ಇಲ್ಲಿ ಸಂಜೆ ಅನ್ನುವುದೇ ಇರುವುದಿಲ್ಲ, ಮಧ್ಯಾಹ್ನದಿಂದ ನೇರ ರಾತ್ರಿ. ಕರೆಂಟ್ ಯಾವಾಗ ಹೋಗುತ್ತೋ, ಯಾವಾಗ ಬರುತ್ತೋ. ಒಗೆದ ಬಟ್ಟೆ ವಾರವಾದರೂ ಒಣಗದೆ ಹಗ್ಗದ ಮೇಲೆ ವಾಸನೆ ಹಿಡಿದುಕೊಂಡಿರುತ್ತದೆ. ಆಗ ಒಬ್ಬರ ಮನೆಯ ಜಗಲಿಯಲ್ಲಿ ನಾವು ಕೆಲವರು ಸೇರುತ್ತೇವೆ. ನಿವೃತ್ತರಾದ ಕನ್ನಡ ಮೇಷ್ಟ್ರು ಒಬ್ಬರು. ಸೈನ್ಯದಿಂದ ಬಂದ ಸುಬೇದಾರ್ ಅಂಕಲ್. ಮಂಡಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಜೀಪ್ ಓಡಿಸುವ ಒಬ್ಬ ಹುಡುಗ. ಮಳೆಗಾಲದಲ್ಲಿ ಅವನಿಗೆ ಬಾಡಿಗೆ ಕಡಿಮೆ. ಮತ್ತೆ ಯಾರ್ಯಾರದ್ದೋ ಮಕ್ಕಳು, ಚೆನ್ನಾಗಿ ಹಾಡುವ ಒಬ್ಬ ಅಕ್ಕ, ನಾನು. ನಿಯಮ ಒಂದೇ. ಪ್ರತಿಯೊಬ್ಬರೂ ಒಂದು ಜೋಡಿ ತರಬೇಕು: ಒಂದು ಕವಿತೆ, ಅದರ ಪಕ್ಕಕ್ಕೆ ಒಂದು ಸಿನಿಮಾ ಹಾಡೋ ರೇಡಿಯೋ ಹಾಡೋ ರೀಲ್ಸ್‌ನಲ್ಲಿ ಓಡುತ್ತಿರುವುದೋ ಏನಾದರೂ. ಯಾಕೆ ಜೋಡಿ ಅಂತ ಬಾಯಲ್ಲಿ ಹೇಳಬೇಕು. ಫೋನ್ ನೋಡಿ ಓದಿದರೂ ಪರವಾಗಿಲ್ಲ.

ಸುಮ್ನೆ ಕಾಲ ಕಳೆಯೋಕೆ ಅಂತ ಶುರುವಾದದ್ದು. ಆದರೆ ಪಕ್ಕಪಕ್ಕ ಇಟ್ಟ ಮೇಲೆ ಕಿವಿಗೆ ಬೀಳುವುದೇ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ವಿವರವಾಗಿ, ಯಾಕಂದ್ರೆ ಇದರಷ್ಟು ಖುಷಿ ನನಗೆ ಬೇರೆ ಯಾವುದೂ ಕೊಟ್ಟಿಲ್ಲ. ಮೇಷ್ಟ್ರು ಒಂದು ಸಂಜೆ ಕುಮಾರವ್ಯಾಸನನ್ನು ತಂದರು. ಪೀಠಿಕೆಯ ಪದ್ಯ, "ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ" ಅನ್ನುವುದು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ, ಅಲ್ಲಿ ಕಾಲಿಡಲು ಜಾಗ ಇಲ್ಲ, ಹಾಗಾಗಿ ನಾನು ಭಾರತ ಹೇಳುತ್ತೇನೆ ಅಂತಾನೆ. ಹದಿನೈದನೇ ಶತಮಾನದ ಗದುಗಿನ ಕವಿ. ಜೀಪ್ ಹುಡುಗ ನಕ್ಕುಬಿಟ್ಟ. "ಸಾರ್, ಇದು ಪಾರ್ಟ್ ಟೂ, ಪಾರ್ಟ್ ತ್ರೀ ಬಂದು ಥಿಯೇಟರ್ ಸಿಗದೇ ಇದ್ದ ಪ್ರೊಡ್ಯೂಸರ್ ಮಾತಿದ್ದ ಹಾಗಿದೆ" ಅಂದ. ಮೇಷ್ಟ್ರಿಗೆ ಸಿಟ್ಟು ಬರಬಹುದು ಅಂದುಕೊಂಡೆ. ಬರಲಿಲ್ಲ. "ಹಾಗೇ ಅನ್ಕೋ. ಆದ್ರೆ ಮೊದಲು ತಾಳ ಹಾಕು" ಅಂದರು.

ನೀವೂ ಈಗಲೇ ಹಾಕಿ ನೋಡಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ಮಾತ್ರೆ, ನಾಲ್ಕು ಮಾತ್ರೆ. ತಿಣಿಕಿ ದನುಫಣಿ ರಾಯ ರಾಮಾ. ಭಾಮಿನಿ ಷಟ್ಪದಿಯ ನಡೆ ಇದು. ಹುಡುಗ ಮಣೆಯ ಮೇಲೆ ಬೆರಳಲ್ಲಿ ಬಡಿಯುತ್ತಾ ಇದ್ದ. ಬಡಿಯುತ್ತಾ ಬಡಿಯುತ್ತಾ, ಶಾಲೆಯಲ್ಲಿ ಕಲಿತದ್ದು ಯಾವುದೋ ಬಾಯಿಗೆ ಬಂತು ನೋಡಿ: "ಎಲ್ಲಿ ಭೂರಮೆ ದೇವ ಸನ್ನಿಧಿ ಬಯಸಿ ಬಿಮ್ಮನೆ ಬಂದಳೋ." ಪಂಜೆ ಮಂಗೇಶರಾಯರ ಹುತ್ತರಿ ಹಾಡು, ಹುತ್ತರಿ ಅಂದ್ರೆ ಕೊಡಗಿನ ಸುಗ್ಗಿ ಹಬ್ಬ. ಎಲ್ಲಿ, ಭೂರಮೆ, ದೇವ, ಸನ್ನಿಧಿ. ಮೂರು ನಾಲ್ಕು, ಮೂರು ನಾಲ್ಕು. ಗದುಗಿನ ಭಾರತದ ನಡೆಯಲ್ಲೇ ನಮ್ಮ ಕೊಡಗಿನ ಹಾಡು ನಡೆಯುತ್ತಿದೆ!

ಅಲ್ಲಿಗೆ ನಿಲ್ಲಲಿಲ್ಲ. ಹಾಡುವ ಅಕ್ಕ ತಕ್ಷಣ "ದೋಣಿ ಸಾಗಲಿ ಮುಂದೆ ಹೋಗಲಿ ದೂರ ತೀರವ ಸೇರಲಿ" ಎತ್ತಿಕೊಂಡರು. ಕುವೆಂಪು ಅವರದ್ದು, 1965ರ 'ಮಿಸ್ ಲೀಲಾವತಿ' ಸಿನಿಮಾದಲ್ಲಿ ಬಂದು ಮನೆಮನೆಗೆ ಹೋದದ್ದು. ದೋಣಿ, ಸಾಗಲಿ, ಮುಂದೆ, ಹೋಗಲಿ. ಅದೇ ಮೂರು ನಾಲ್ಕು. ನಾನು ಸುಮ್ಮನಿರಲಾರದೆ "ಯಾವ ಮೋಹನ ಮುರಳಿ ಕರೆಯಿತೋ ದೂರ ತೀರಕೆ ನಿನ್ನನು" ಅಂದೆ. ಗೋಪಾಲಕೃಷ್ಣ ಅಡಿಗರು, ನವ್ಯಕ್ಕೆ ಹೊರಳುವ ಮೊದಲಿನ ಅಡಿಗರು. 'ಅಮೇರಿಕಾ ಅಮೇರಿಕಾ' ಚಿತ್ರದಲ್ಲಿ ಮನೋಮೂರ್ತಿಯವರ ರಾಗದಲ್ಲಿ ಬಂದ ಮೇಲೆ ಅದು ಕೆಲಸ ಹುಡುಕಿಕೊಂಡು ದೂರ ಹೋದವರೆಲ್ಲರ ಹಾಡಾಯಿತು. ಅದೂ ಮೂರು ನಾಲ್ಕೇ. ಅಷ್ಟೇ ಅಲ್ಲ, ಕುವೆಂಪು ದೋಣಿ ಹೋಗಬೇಕಾದ "ದೂರ ತೀರ"ಕ್ಕೇ ಅಡಿಗರ ಮುರಳಿಯೂ ಕರೆಯುತ್ತಿದೆ. ಒಬ್ಬರಿಗೆ ಅಲ್ಲಿಗೆ ಹೋಗುವುದು ಉತ್ಸಾಹ, ಇನ್ನೊಬ್ಬರಿಗೆ ತಳಮಳ. ಪುಸ್ತಕದಲ್ಲಿ ಬೇರೆಬೇರೆಯಾಗಿ ಓದಿದಾಗ ಇದು ನನಗೆ ಹೊಳೆದಿರಲಿಲ್ಲ. ಒಂದರ ಬೆನ್ನಿಗೆ ಒಂದು ಹಾಡಿದ್ದಕ್ಕೆ ಹೊಳೆಯಿತು.

ಸುಬೇದಾರ್ ಅಂಕಲ್ ಅಷ್ಟು ಹೊತ್ತು ಸುಮ್ಮನಿದ್ದರು. ಅವರದ್ದು ಯಾವಾಗಲೂ ಒಂದೇ ಸಿನಿಮಾ. 1990ರ 'ಮುತ್ತಿನ ಹಾರ'. ರಾಜೇಂದ್ರ ಸಿಂಗ್ ಬಾಬು ಅವರ ಚಿತ್ರ, ವಿಷ್ಣುವರ್ಧನ್ ಕೊಡಗಿನ ಸೈನಿಕನಾಗಿ, ಸುಹಾಸಿನಿ ನರ್ಸ್ ಆಗಿ ಮಾಡಿದ್ದು. "ನಮ್ಮದನ್ನೂ ಬಡೀರಿ ನೋಡೋಣ" ಅಂದರು. ದೇವರು ಹೊಸೆದ ಪ್ರೇಮದ ದಾರ. ನಾಲ್ಕು ಮೂರು, ನಾಲ್ಕು ಮೂರು! ಹಂಸಲೇಖ ಅದನ್ನೇ ತಿರುಗಿಸಿ ಇಟ್ಟಿದ್ದಾರೆ. ಬಾಲಮುರಳಿಕೃಷ್ಣ ಹಾಡಿದ ಹಾಡು ಅದು. ಅಂಕಲ್ ಮುಖ ನೋಡಬೇಕಿತ್ತು, ತಾವೇ ಬರೆದವರ ಹಾಗೆ ಕೂತಿದ್ದರು.

ಛಂದಸ್ಸು ಅಂದ್ರೆ ಪರೀಕ್ಷೆಗೆ ಲಘು ಗುರು ಹಾಕಿ ಮರೆಯುವ ವಿಷಯ ಅಂತ ಶಾಲೆಯಲ್ಲಿ ನಮ್ಮ ತಲೆಗೆ ತುಂಬಿದ್ದರು. ಪಾಪ, ಮೇಷ್ಟ್ರುಗಳದ್ದೂ ತಪ್ಪಲ್ಲ, ಪ್ರಶ್ನೆಪತ್ರಿಕೆ ಹಾಗಿರುತ್ತಿತ್ತು. ಆದರೆ ಸಿನಿಮಾ ಹಾಡಿನ ಜೊತೆ ಬಡಿದರೆ ಹತ್ತು ವರ್ಷದ ಮಕ್ಕಳಿಗೂ ಹಿಡಿಯುತ್ತದೆ. ಹಾಗೆ ನೋಡಿದರೆ ರತ್ನನದು ಬೇರೆ ನಡೆ. ಭೂಮೀನ್, ತಬ್ಬಿದ್, ನಾಲ್ಕು ನಾಲ್ಕು. ಬೇಂದ್ರೆಯವರ "ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ" ಕೂಡ ಬಾಯಲ್ಲಿ ಹಾಗೇ ನಾಲ್ಕು ನಾಲ್ಕಾಗಿ ನಡೆಯುತ್ತದೆ. ಹೆಂಡದಂಗಡಿಯಿಂದ ಹೊರಟವನೂ ಧ್ರುವದಿಂದ ಧ್ರುವಕ್ಕೆ ಹೊರಟ ಗಾಳಿಯೂ ಒಂದೇ ಹೆಜ್ಜೆ ಹಾಕುತ್ತಾರೆ ಅಂದ್ರೆ ನನಗಂತೂ ನಗು ತಡೆಯಲಾಗುವುದಿಲ್ಲ.

ಬೇಂದ್ರೆ ಅಂದಾಗ ಕೊಡಗಿನವರಿಗೆ ನೆನಪಾಗಬೇಕಾದ ಹೆಸರು ಗೌರಮ್ಮ. ಕೊಡಗಿನ ಗೌರಮ್ಮ, ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ ಇದ್ದವರು. ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನುವ ಹೆಸರಿನಲ್ಲಿ ಕತೆ ಬರೆದರು. 1939ರಲ್ಲಿ, ಇನ್ನೂ ಇಪ್ಪತ್ತೇಳರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದರು. ಬೇಂದ್ರೆ ಆಕೆಯನ್ನು ತಂಗಿ ಅಂತ ಕರೆದು ಕವಿತೆ ಬರೆದರು, 'ತಂಗಿ ಗೌರಮ್ಮ'. ಈಗ 'ಶರಪಂಜರ' ತೆಗೆದುಕೊಳ್ಳಿ. ಪುಟ್ಟಣ್ಣ ಕಣಗಾಲರ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಒಬ್ಬ ಹೆಣ್ಣು ಮನೆಯೊಳಗೇ ಹೇಗೆ ಒಡೆದುಹೋಗುತ್ತಾಳೆ ಅನ್ನುವ ಕತೆ. ಅದೇ ಚಿತ್ರದಲ್ಲಿ "ಕೊಡಗಿನ ಕಾವೇರಿ" ಇದೆ, ಅದೇ ಚಿತ್ರದಲ್ಲಿ ಬೇಂದ್ರೆಯವರ "ಉತ್ತರ ಧ್ರುವದಿಂ" ಇದೆ. ನಮ್ಮ ಜಗಲಿಯಲ್ಲಿ ಯಾರೋ ಬರೀ ಹಾಡಿಗಾಗಿ ಶರಪಂಜರ ತಂದರು. ಅದರ ಪಕ್ಕಕ್ಕೆ ಮೇಷ್ಟ್ರು ಗೌರಮ್ಮನ ಕತೆಯೊಂದನ್ನು ಓದಿದರು. ಮೂವತ್ತರ ದಶಕದಲ್ಲಿ ಕಾಫಿ ತೋಟದ ಮನೆಯಲ್ಲಿ ಕೂತು ಆಕೆ ಹೆಣ್ಣುಮಕ್ಕಳ ಬಗ್ಗೆ ಬರೆದದ್ದಕ್ಕೂ ತ್ರಿವೇಣಿ ಬರೆದದ್ದಕ್ಕೂ ನಡುವೆ ಎಷ್ಟು ಹತ್ತಿರದ ಸಂಬಂಧ ಇದೆ ಅಂತ ಅವತ್ತು ಕೂತವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಡುವ ಅಕ್ಕ ಮಾತ್ರ, "ಇವರ ಹೆಸರನ್ನ ನಮಗೆ ಶಾಲೇಲಿ ಯಾಕೆ ಹೇಳ್ಲಿಲ್ಲ?" ಅಂತ ಒಂದೇ ಸಮ ಕೇಳ್ತಾ ಇದ್ದರು.

ಹೆಸರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ರೇಡಿಯೋ ಕಾಲದಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಹಾಡು ಹಾಕುವ ಮೊದಲು ಚಿತ್ರ ಇಂಥದ್ದು, ಸಾಹಿತ್ಯ ಇಂಥವರದ್ದು, ಸಂಗೀತ ಇವರದ್ದು, ಹಾಡಿದವರು ಇವರು ಅಂತ ಉದ್ಘೋಷಕರು ಹೇಳುತ್ತಿದ್ದರು. ನಮ್ಮ ಮಡಿಕೇರಿ ಆಕಾಶವಾಣಿ, 103.1ರಲ್ಲಿ, ಕಾಫಿ ಕಣದಲ್ಲಿ ಒಣ ಹಾಕುತ್ತಾ ಕೇಳಿದವರಿಗೆ ಇದು ನೆನಪಿರಬಹುದು. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಅನ್ನುವ ಹೆಸರುಗಳು ಎಷ್ಟೋ ಜನರ ಕಿವಿಗೆ ಮೊದಲು ಬಿದ್ದದ್ದು ಹೀಗೆ, ಪಠ್ಯಪುಸ್ತಕಕ್ಕಿಂತ ಮುಂಚೆ. ಈಗ ಫೋನಿನಲ್ಲಿ ಹಾಡು ಹಾಕಿದರೆ ಸಾಮಾನ್ಯವಾಗಿ ಹಾಡಿದವರ ಹೆಸರು ಇರುತ್ತದೆ, ಸಂಗೀತ ಕೊಟ್ಟವರ ಹೆಸರು ಇರುತ್ತದೆ, ಬರೆದವರ ಹೆಸರಿಗೆ ಹುಡುಕಾಡಬೇಕು. ಪ್ರತಿ ಯುಗಾದಿಗೆ ಊರಿಗೂರೇ "ಯುಗ ಯುಗಾದಿ ಕಳೆದರೂ" ಸ್ಟೇಟಸ್ ಹಾಕುತ್ತದೆ. 1963ರ 'ಕುಲವಧು' ಚಿತ್ರದ ಹಾಡು ಅಂತ ಬರೆಯುತ್ತಾರೆ, ಎಸ್. ಜಾನಕಿ ಅಂತ ಬರೆಯುತ್ತಾರೆ, ಬೇಂದ್ರೆ ಅಂತ ಬರೆಯುವವರು ಕಡಿಮೆ. ಸಿನಿಮಾದಿಂದ ಕವಿತೆ ಕೆಡುತ್ತದೆ ಅಂತ ನಾನು ನಂಬುವುದಿಲ್ಲ. ಹೆಸರು ಕಳೆದುಹೋಗುವುದರಿಂದ ಕೆಡುತ್ತದೆ. ಹೆಸರು ಇದ್ದರೆ ಒಂದು ಹಾಡು ಕೇಳಿದವರು ಆ ಕವಿಯ ಇನ್ನೊಂದಕ್ಕೆ ಹೋಗಬಹುದು. ಹೆಸರಿಲ್ಲದಿದ್ದರೆ ದಾರಿ ಅಲ್ಲೇ ಮುಚ್ಚಿತು. ನಮ್ಮ ಜಗಲಿಯಲ್ಲಿ ಹಾಗಾಗಿ ಮಕ್ಕಳು ರೇಡಿಯೋ ಉದ್ಘೋಷಕರ ಥರಾನೇ ಮೂಗಿನಲ್ಲಿ ಮಾತಾಡಿ ಎಲ್ಲ ಹೆಸರು ಹೇಳಿಯೇ ಹಾಡು ಶುರು ಮಾಡಬೇಕು. ಅವರಿಗೆ ಹಾಡಿಗಿಂತ ಇದೇ ಜಾಸ್ತಿ ಇಷ್ಟ.

ಒಳ್ಳೆಯದನ್ನೂ ಹೇಳಬೇಕು. ಕೆ.ಎಸ್.ನ. ಅವರ 'ಮೈಸೂರು ಮಲ್ಲಿಗೆ' 1942ರ ಪುಸ್ತಕ. ಅರ್ಧ ಶತಮಾನದ ಮೇಲೆ ನಾಗಾಭರಣ ಆ ಕವಿತೆಗಳನ್ನೇ ಇಟ್ಟುಕೊಂಡು ಸಿನಿಮಾ ಮಾಡಿದರು, ಸಿ. ಅಶ್ವಥ್ ಸಂಗೀತ, ಮತ್ತು ಅದರ ಗೀತೆಗಳಿಗೆ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಶಿಶುನಾಳ ಶರೀಫರದ್ದು ಇನ್ನೂ ದೊಡ್ಡ ಪ್ರಯಾಣ. ಹತ್ತೊಂಬತ್ತನೇ ಶತಮಾನದ ತತ್ವಪದ "ಗುಡುಗುಡಿಯ ಸೇದಿ ನೋಡೋ" ಅನ್ನುವುದನ್ನು ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದಾಗ, ಕನ್ನಡ ಪುಸ್ತಕ ಮುಟ್ಟದ ಹುಡುಗರೂ ಕಾಲೇಜು ಫೆಸ್ಟ್‌ನಲ್ಲಿ ಕುಣಿದರು. ಕುಣಿದವರೆಲ್ಲ ಶರೀಫರನ್ನು ಓದಿದರಾ? ಇಲ್ಲ. ಒಬ್ಬಿಬ್ಬರು ಓದಿರುತ್ತಾರೆ. ಅಷ್ಟು ಸಾಕು.

ಇನ್ನು ನಮ್ಮ ಜೀಪ್ ಹುಡುಗನ ವಿಷಯ. 2008ರ 'ಗಾಳಿಪಟ' ಬಂದ ಮೇಲೆ ಮಂಡಲಪಟ್ಟಿಗೆ ಜನ ಬರುವುದು ಬಹಳ ಹೆಚ್ಚಾಯಿತು. ಸಿನಿಮಾದಲ್ಲಿ ಅದು ಮುಗಿಲುಪೇಟೆ. ಈಗಲೂ ಪ್ರವಾಸಿಗರು "ಮುಗಿಲುಪೇಟೆ ಎಲ್ಲಿ?" ಅಂತ ಕೇಳುತ್ತಾರಂತೆ, ಇವನು ಹೌದು ಹೌದು ಹತ್ತಿ ಅಂತಾನೆ. ಮೇಲೆ ಹೋಗುವಾಗ ಗಾಡಿಯಲ್ಲಿ "ಮಿಂಚಾಗಿ ನೀನು ಬರಲು", ಇಳಿಯುವಾಗ 'ಮುಂಗಾರು ಮಳೆ'ಯ "ಅನಿಸುತಿದೆ ಯಾಕೋ ಇಂದು". ಕಲ್ಲು, ಗುಂಡಿ ತುಂಬಿದ ದಾರಿಯಲ್ಲಿ ಜೀಪ್ ಎತ್ತಿ ಎತ್ತಿ ಹಾಕುವಾಗ ಹಿಂದೆ ಕೂತವರು ಕಂಬಿ ಹಿಡಿದುಕೊಂಡು ಕಿರುಚುತ್ತಲೇ ಹಾಡುತ್ತಾರಂತೆ. ಎರಡೂ ಹಾಡು ಜಯಂತ ಕಾಯ್ಕಿಣಿಯವರದ್ದು. 2006ರ ಕೊನೆಗೆ ಮುಂಗಾರು ಮಳೆ ಬಂದಾಗ ಎಲ್ಲರೂ ಹೊಸ ಗೀತರಚನೆಕಾರ ಅಂದರು. ಅಷ್ಟು ಹೊತ್ತಿಗೆ ಅವರ ಮೊದಲ ಕವನ ಸಂಕಲನ, 'ರಂಗದಿಂದೊಂದಿಷ್ಟು ದೂರ', ಬಂದು ಮೂವತ್ತು ವರ್ಷ ದಾಟಿತ್ತು! ಹುಡುಗನಿಗೆ ನಾನು ಕಾಯ್ಕಿಣಿಯವರ ಕವಿತೆಗಳ ಪುಸ್ತಕ ಕೊಟ್ಟೆ. ಓದಿ ವಾಪಸ್ ಕೊಡುವಾಗ, "ಅಕ್ಕ, ಇದಕ್ಕೆ ತಾಳ ಸಿಗ್ತಾ ಇಲ್ಲ. ಆದ್ರೂ ಓದಿದೆ" ಅಂದ.

ಆ ಮಾತು ಸರಿಯಾದ ಜಾಗಕ್ಕೆ ಬಿತ್ತು. ತಾಳ ಸಿಗದ ಕವಿತೆಯನ್ನು ಹಂಚಿಕೊಳ್ಳುವುದು ಹೇಗೆ? ಇವತ್ತಿನ ಕವಿತೆ ಬಹುಪಾಲು ಹಾಡಲು ಬರುವುದಿಲ್ಲ. ಕಾಜೂರು ಸತೀಶ್ ಇದ್ದಾರೆ, ಸಂಪಾಜೆಯ ಸ್ಮಿತಾ ಅಮೃತರಾಜ್ ಇದ್ದಾರೆ. ನಮ್ಮ ಕೊಡಗಿನಲ್ಲೇ ಕೂತು ಈಗ ಬರೆಯುತ್ತಿರುವವರು. ಇಂಥವರ ಕವಿತೆಗೆ ರಾಗ ಹಾಕಿ ಅಂತ ಹಟ ಹಿಡಿದರೆ ಅದು ಕವಿತೆಗೆ ಮಾಡುವ ಅನ್ಯಾಯ. ನಾವು ಮಾಡುವುದು ಇಷ್ಟೇ, ಎರಡು ಸಲ ಓದುತ್ತೇವೆ, ಬೇರೆಬೇರೆ ದನಿಯಲ್ಲಿ. ಒಂದು ಸಲ ದೊಡ್ಡವರು, ಒಂದು ಸಲ ಮಕ್ಕಳು. ಮಕ್ಕಳು ಅರ್ಥ ಗೊತ್ತಿಲ್ಲದೆ ಎಲ್ಲೋ ನಿಲ್ಲಿಸುತ್ತಾರೆ, ಆ ನಿಲುಗಡೆಯಲ್ಲಿ ಕೆಲವೊಮ್ಮೆ ಒಂದು ಸಾಲು ಎದ್ದು ಕೂರುತ್ತದೆ. ಆಮೇಲೆ ಯಾರೂ ಚರ್ಚೆ ಮಾಡಬಾರದು, ಕಾಫಿ ಕುಡಿಯಬೇಕು. ಈ ನಿಯಮ ನನ್ನದೇ, ಮೇಷ್ಟ್ರಿಗೆ ಇಷ್ಟವಿಲ್ಲ. ಅವರಿಗೆ ಅರ್ಥ ಹೇಳದಿದ್ದರೆ ಊಟ ಸೇರುವುದಿಲ್ಲ.

ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿಗೆ ಹೋದವರಿಗೆ ಗೊತ್ತು, ಅಲ್ಲಿ ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳ ಅಂತ ಒಂದರ ಹಿಂದೆ ಒಂದು ಬರುತ್ತದೆ. ಅರ್ಥವಾಗದ ಭಾಷೆಯ ಕವಿತೆಗೂ ಜನ ಕೂತು ಕೇಳುತ್ತಾರೆ, ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಅದೇ ದಸರೆಯ ಕೊನೆಯ ರಾತ್ರಿ ಮೆರವಣಿಗೆಯಲ್ಲಿ ಬರುವ ದಶಮಂಟಪಗಳ ಮುಂದೆ ಕಿವಿ ಹರಿಯುವ ಹಾಗೆ ಸಿನಿಮಾ ಹಾಡು, ಲೈಟು, ಹೊಗೆ, ಕುಣಿತ. ಎರಡೂ ಕಡೆ ಅದೇ ಜನ. ನನಗೆ ಎರಡೂ ಬೇಕು. ಆದರೆ ಕವಿಗೋಷ್ಠಿಗೆ ಕುರ್ಚಿ ಖಾಲಿ ಇರುತ್ತದೆ ಅಂತ ಗೊಣಗುವ ಕವಿಗಳು ಮಂಟಪದ ರಾತ್ರಿಯನ್ನು ಬೈಯುವುದು ಬಿಟ್ಟು, ಅಲ್ಲಿ ಏನು ಹಾಡುತ್ತಿದ್ದಾರೆ ಅಂತ ಒಂದು ಸಲ ಕಿವಿಗೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಲಿ.

ಎಲ್ಲ ಹಂಚಿಕೆಯೂ ಒಳ್ಳೆಯದು ಅಂತಲೂ ಅಲ್ಲ. 2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಇಳಿದುಬಂದವು. ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರದಲ್ಲಿ ಕೂತಿದ್ದರು. ಆ ವಾರ ದೂರದ ಊರಿನ ನೆಂಟರೊಬ್ಬರು ಡಿವಿಜಿಯವರ ಕಗ್ಗ ಕಳಿಸಿದರು, ಕಮಲದ ಹೂವಿನ ಚಿತ್ರದ ಮೇಲೆ: "ಕಲ್ಲಾಗು ಕಷ್ಟಗಳ ಮಳೆಯ ವಿಧಿ ಸುರಿಯೆ." ಕೆಳಗೆ ಗುಡ್ ಮಾರ್ನಿಂಗ್ ಬೇರೆ. ಕಲ್ಲೂ ಮಣ್ಣೂ ಸೇರಿ ಮನೆಯ ಮೇಲೆ ಬಂದಿರುವಾಗ ಕಲ್ಲಾಗು ಅಂದ್ರೆ ಏನು ಮಾಡೋದು? ಸಿಟ್ಟು ಬಂದು ಫೋನ್ ಮಗುಚಿ ಇಟ್ಟೆ. ಡಿವಿಜಿ ಮಾತ್ರ ನಮಗೆ ಹೊರಗಿನವರಲ್ಲ. 1932ರಲ್ಲಿ ಇದೇ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಕಗ್ಗ ಪುಸ್ತಕವಾಗಿ ಬಂದದ್ದು ಅದಾದ ಹನ್ನೊಂದು ವರ್ಷಕ್ಕೆ. ಮುಂದಿನ ವರ್ಷ ಯಾವಾಗಲೋ, ಬಿಸಿಲಿರುವ ಒಂದು ದಿನ, ಮೇಷ್ಟ್ರು ಆ ಪದ್ಯವನ್ನು "ಹುಲ್ಲಾಗು ಬೆಟ್ಟದಡಿ" ಅನ್ನುವ ಮೊದಲ ಸಾಲಿನಿಂದ ಪೂರ್ತಿ ಓದಿದರು. ಬೆಟ್ಟದ ಅಡಿಯಲ್ಲಿ ಹುಲ್ಲು ಮಣ್ಣನ್ನು ಹಿಡಿದುಕೊಂಡಿರುತ್ತದೆ ಅಂತ ನಮಗೆ ಆ ಹೊತ್ತಿಗೆ ಚೆನ್ನಾಗಿ ಗೊತ್ತಾಗಿತ್ತು. ಪದ್ಯ ಅದೇ. ಬಂದ ಹೊತ್ತು ಬೇರೆ, ಬಂದ ಬಾಯಿ ಬೇರೆ. ಒಂದು ಸಾಲು ಕತ್ತರಿಸಿ ಚಿತ್ರದ ಮೇಲೆ ಅಂಟಿಸುವವರ ಬಗ್ಗೆ ನನಗಿರುವ ತಕರಾರು ಇದೊಂದೇ.

ಹೊರಗಿನವರು ಅಂದಾಗ ಇನ್ನೊಂದು ಮಾತು. ಕೊಡಗಿನ ಬಗ್ಗೆ ಬಹಳ ಪ್ರಸಿದ್ಧವಾದ ಹಾಡು ಬರೆದವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರೇ. ಪಂಜೆಯವರು ಬಂಟ್ವಾಳದವರು, ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಕಾಯ್ಕಿಣಿಯವರು ಗೋಕರ್ಣದವರು. ಬಂದವರ ಕಣ್ಣಿಗೆ ಮಂಜು, ಮಳೆ, ಗಿರಿ, ಕಾವೇರಿ ಕಾಣುತ್ತದೆ, ಕಾಣಲಿ ಪಾಪ. ಮುಂಗಾರು ಮಳೆಯಲ್ಲಿ ನೆನೆಯುತ್ತಾ ಹಾಡುವ ಹೀರೋನನ್ನು ನೋಡಿ ಇಲ್ಲಿನ ಅಜ್ಜಿಯೊಬ್ಬರು, "ಇವನಿಗೆ ಕಾಫಿಗೆ ಔಷಧಿ ಹೊಡಿಯೋ ಚಿಂತೆ ಇಲ್ಲ" ಅಂದಿದ್ದರು. ಆದರೆ ಅದೇ ಅಜ್ಜಿ ಹಾಡು ಬಂದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು.

ಒಳಗಿನ ಹಾಡು ಬೇರೆ ಇದೆ, ಅದನ್ನು ಮರೆತರೆ ಈ ಜೋಡಿ ಆಟವೇ ಅರ್ಧ. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯಲ್ಲಿ ಇದ್ದವರು. ಕೊಡವರ ಮದುವೆಯಲ್ಲಿ, ಹುತ್ತರಿಯಲ್ಲಿ, ಸಾವಿನಲ್ಲಿ ಹಾಡುತ್ತಿದ್ದ ಪಾಟ್‌ಗಳನ್ನೂ ಕಟ್ಟುಪಾಡುಗಳನ್ನೂ ಕೇಳಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಅದೇ 1924ರಲ್ಲಿ ಬಂದ 'ಪಟ್ಟೋಲೆ ಪಳಮೆ'. ಅಲ್ಲಿಯತನಕ ಬಾಯಿಂದ ಬಾಯಿಗೆ ಹೋಗುತ್ತಿದ್ದದ್ದು ಪುಸ್ತಕವಾಯಿತು. ಭಗವದ್ಗೀತೆಯನ್ನೂ ಅವರು ಕೊಡವ ಭಾಷೆಗೆ ತಂದರು, 'ಭಗವಂತಂಡ ಪಾಟ್' ಅಂತ. ಈಗಲೂ ನಾಲ್ಕು ಜನ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಕೂತು ಹಾಡಲು ಶುರು ಮಾಡಿದರೆ, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಂಡು, ಮನೆಯ ಹಿರಿಯರ ಹೆಸರು, ಊರಿನ ಹೆಸರು, ದೇವರ ಹೆಸರು ಎಲ್ಲ ಒಂದೊಂದಾಗಿ ಬರುತ್ತಾ ಹೋಗುತ್ತದೆ. ಮೂವತ್ತು ಸೆಕೆಂಡಿನ ಸ್ಟೇಟಸ್‌ಗೆ ಅದು ಹಿಡಿಯುವುದಿಲ್ಲ. ಹಿಡಿಯಬೇಕಾಗಿಯೂ ಇಲ್ಲ.

ಸುಬೇದಾರ್ ಅಂಕಲ್‌ಗೆ ಈ ಪಾಟ್ ಬರುತ್ತದೆ, ಅವರ ಒಕ್ಕದಲ್ಲಿ, ಅಂದ್ರೆ ಮನೆತನದಲ್ಲಿ, ಹಾಡುವವರ ಪೈಕಿ ಒಬ್ಬರು. ಎಷ್ಟು ಸಲ ಕೇಳಿದರೂ ಜಗಲಿಯಲ್ಲಿ ಹಾಡುವುದಿಲ್ಲ. "ನೀವು ಮುತ್ತಿನ ಹಾರ ಕೇಳಿ, ಹಾಡ್ತೇನೆ. ಅದಕ್ಕೆ ದುಡಿ ಬೇಕು, ನಾಲ್ಕು ಜನ ಬೇಕು, ಹೊತ್ತು ಬೇಕು" ಅಂತಾರೆ. ಹುಡುಗ ಮೊನ್ನೆ ಒಂದು ಉಪಾಯ ಹೇಳಿದ. ಹುತ್ತರಿಗೆ ಅವರ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಿ ಪೂರ್ತಿ ರೆಕಾರ್ಡ್ ಮಾಡೋದು, ಪಕ್ಕಕ್ಕೆ ಪಂಜೆಯವರ ಹುತ್ತರಿ ಹಾಡು ಇಡೋದು, ಒಂದು ಒಳಗಿನದ್ದು, ಒಂದು ಹೊರಗಿನದ್ದು. ಜೋಡಿ ಚೆನ್ನಾಗಿದೆ ಅಂತ ಎಲ್ಲರೂ ಒಪ್ಪಿದರು. ಅಂಕಲ್ ಸ್ವಲ್ಪ ಹೊತ್ತು ಯೋಚಿಸಿ, "ಬನ್ನಿ, ಊಟಕ್ಕೂ ಬನ್ನಿ. ಫೋನ್ ಮಾತ್ರ ಜೀಪಲ್ಲೇ ಇಟ್ಟು ಬನ್ನಿ" ಅಂದರು. ಹುಡುಗ ಇನ್ನೂ ಚೌಕಾಸಿ ಮಾಡುತ್ತಾ ಇದ್ದಾನೆ. ಈಗ ಮಾತು "ಒಂದೇ ಒಂದು ಪಾಟ್" ಅನ್ನುವಲ್ಲಿಗೆ ಬಂದು ನಿಂತಿದೆ, ಹುತ್ತರಿಗೆ ಇನ್ನೂ ಟೈಮ್ ಇದೆ.